ಒಂದು ಗುದ್ದಿಗೆ ಹತ್ತು ಜನ ಹಾರಿದರೂ ಶಿಳ್ಳೆ ಯಾಕೆ ಬೀಳುತ್ತದೆ?

ಪ್ರಶ್ನೆ: ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಒಂಬತ್ತನೇ ತರಗತಿಯ ಮೊಮ್ಮಗನ ಒತ್ತಾಯಕ್ಕೆ ಕೆಜಿಎಫ್‌ನ ಎರಡೂ ಭಾಗ ನೋಡಿದೆ. ಗುದ್ದಿಸಿಕೊಂಡವರು ಹತ್ತಡಿ ಹಾರುತ್ತಾರೆ, ಗುದ್ದಿದವನು ಒಂದಿಂಚೂ ಕದಲುವುದಿಲ್ಲ. ನ್ಯೂಟನ್ನನ ಮೂರನೇ ನಿಯಮ ಹೀರೋಗಳಿಗೆ ಅನ್ವಯಿಸುವುದಿಲ್ಲವೇ? ಮೊದಲು ನಗು ಬಂತು, ಆಮೇಲೆ ಸಂಕಟ ಆಯಿತು. ಇಷ್ಟೆಲ್ಲ ಓದು ಹಬ್ಬಿರುವ ಕಾಲದಲ್ಲೂ ಕೋಟಿಗಟ್ಟಲೆ ಜನ ಇದನ್ನು ನಂಬಿ ನೋಡುತ್ತಾರೆಂದರೆ ನಮ್ಮ ಅಭಿರುಚಿಯೇ ಕೆಟ್ಟಿದೆ ಎಂದು ಅರ್ಥವೇ? ಹುಡುಗರಿಗೆ ಇಂಥವನ್ನು ತೋರಿಸಬಹುದೇ?

ಉತ್ತರ: ಮೊದಲು ನ್ಯೂಟನ್ನನ ಲೆಕ್ಕ ಚುಕ್ತಾ ಮಾಡಿಬಿಡೋಣ ಮೇಷ್ಟ್ರೇ. ನಿಯಮ ಮುರಿದಿಲ್ಲ, ಚೌಕಟ್ಟಿನಿಂದ ಆಚೆ ಹೋಗಿ ನಿಂತಿದೆ ಅಷ್ಟೇ. ಹಾರುವ ಫೈಟರ್ ಅಂಗಿಯೊಳಗೆ ಹಾರ್ನೆಸ್ ಬಿಗಿದುಕೊಂಡಿರುತ್ತಾನೆ. ಅದಕ್ಕೆ ಕಟ್ಟಿದ ರೋಪು ಕ್ರೇನಿನ ರಾಟೆ ಹಾದು ಕೆಳಗಿಳಿಯುತ್ತದೆ. ಅಲ್ಲಿ ಮೂರ್ನಾಲ್ಕು ಜನ ಕಾದಿರುತ್ತಾರೆ. ಫೈಟ್ ಮಾಸ್ಟರ್ ಎಣಿಕೆ ಕೊಟ್ಟದ್ದೇ ತಡ, ಬಾವಿಯಿಂದ ಕೊಡ ಸೇದುವಂತೆ ಒಮ್ಮೆಗೇ ಎಳೆಯುತ್ತಾರೆ. ಎಷ್ಟೋ ಸಲ ಹೀರೋ ಕೈ ಎದೆಗೆ ತಾಗಿರುವುದೂ ಇಲ್ಲ. ರೋಪನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಿಹಾಕುತ್ತಾರೆ. ಹಾಗಾಗಿ ನೀವು ಹುಡುಕುತ್ತಿರುವ ಪ್ರತಿಕ್ರಿಯೆ ಇದ್ದೇ ಇದೆ. ಅದು ಬೀಳುವುದು ಹೀರೋ ಮುಷ್ಟಿಯ ಮೇಲಲ್ಲ, ಆ ನಾಲ್ವರ ರಟ್ಟೆಯ ಮೇಲೆ.

‘ನಂಬಿ ನೋಡುತ್ತಾರೆ’ ಎಂದಿರಲ್ಲ, ಅಲ್ಲಿ ನನ್ನ ತಕರಾರಿದೆ. ಯಾರೂ ನಂಬುವುದಿಲ್ಲ. ಹಿಂದೆ ನಾವು ಗಾಂಧಿ ಕ್ಲಾಸ್ ಎನ್ನುತ್ತಿದ್ದ ಮುಂದಿನ ಬೆಂಚಿನಲ್ಲಿ ಕೂತು ಶಿಳ್ಳೆ ಹಾಕುವ ಹಮಾಲಿಗೆ ಐವತ್ತು ಕೆಜಿ ಸಿಮೆಂಟ್ ಚೀಲದ ತೂಕ ಬೆನ್ನಿನಿಂದಲೇ ಗೊತ್ತು. ಎಪ್ಪತ್ತು ಕೆಜಿಯ ಮನುಷ್ಯನನ್ನು ಒಂದು ಗುದ್ದಿಗೆ ಎಸೆಯಲಾಗದು ಎಂದು ಅವನಿಗೆ ನಾನೂ ನೀವೂ ಹೇಳಿಕೊಡಬೇಕಾಗಿಲ್ಲ. ಗುರುತ್ವಾಕರ್ಷಣೆ ನಮಗೆ ಪುಸ್ತಕದ ವಿಷಯ, ಅವನಿಗೆ ದಿನಗೂಲಿಯ ವಿಷಯ. ತಿಳಿಯದೆ ಮೋಸಹೋಗುವ ಮುಗ್ಧ ಪ್ರೇಕ್ಷಕ ಎಂಬ ಕಲ್ಪನೆ ಬಾಲ್ಕನಿಯಲ್ಲಿ ಕೂತವರು ಕೆಳಗೆ ನೋಡಿ ಹುಟ್ಟಿಸಿಕೊಂಡದ್ದು. ಟೆಂಟ್ ಸಿನಿಮಾದ ಕಾಲದಲ್ಲೂ ಅಂಥವನು ಇರಲಿಲ್ಲ. ನೆಲದ ಟಿಕೆಟಿನಲ್ಲಿ ಮರಳು ಗುಡ್ಡೆ ಮಾಡಿಕೊಂಡು ಕೂತವರು ಹೀರೋಗೆ ಡೂಪ್ ಹಾಕಿದ ಶಾಟನ್ನು ಬೆನ್ನು ನೋಡಿಯೇ ಹಿಡಿಯುತ್ತಿದ್ದರು. ಹಿಡಿದ ಮೇಲೂ ಶಿಳ್ಳೆ ಹೊಡೆಯುತ್ತಿದ್ದರು.

ಹಾಗಾದರೆ ಶಿಳ್ಳೆ ಯಾವುದಕ್ಕೆ? ನಿಮ್ಮ ಪಾಠದ ಮಾತಿನಲ್ಲೇ ಹೇಳುತ್ತೇನೆ. ಹೊಡೆದಾಟದ ದೃಶ್ಯ ಚಲನಶಕ್ತಿಯದು. ನೀವು ಅದನ್ನಷ್ಟೇ ಅಳೆದು, ಆ ತೋಳಿನಲ್ಲಿ ಇಷ್ಟು ಶಕ್ತಿ ಎಲ್ಲಿಂದ ಬಂತು ಎಂದು ಕೇಳುತ್ತಿದ್ದೀರಿ. ತೋಳಿನಿಂದ ಬಂದದ್ದಲ್ಲ ಅದು. ಅದಕ್ಕೆ ಮುಂಚಿನ ಅರ್ಧ, ಮುಕ್ಕಾಲು ಗಂಟೆ ಸಿನಿಮಾ ಒಂದೇ ಸಮನೆ ಪ್ರಚ್ಛನ್ನ ಶಕ್ತಿಯನ್ನು ಕೂಡಿಡುತ್ತಿರುತ್ತದೆ. 2018ರ ಕೊನೆಗೆ ಬಂದ ಮೊದಲ ಭಾಗವನ್ನು ನೆನಪಿಸಿಕೊಳ್ಳಿ. ಹೀರೋ ರಾಕಿ ಗಣಿಯೊಳಕ್ಕೆ ಕೂಲಿಯವನಾಗಿ ಸೇರಿಕೊಳ್ಳುತ್ತಾನೆ. ಕಾವಲಿನವರ ಕ್ರೌರ್ಯವನ್ನು ಕಣ್ಣೆದುರೇ ಕಾಣುತ್ತಾನೆ, ಏನೂ ಮಾಡುವುದಿಲ್ಲ. ಕೂಲಿಗಳು ಇವನೂ ನಮ್ಮಂತೆಯೇ ಎಂದು ತಲೆ ತಗ್ಗಿಸುತ್ತಾರೆ. ಥಿಯೇಟರಿನಲ್ಲಿ ಆ ಹೊತ್ತು ಜನ ಕೂತಲ್ಲೇ ಮಿಸುಕಾಡುತ್ತಿದ್ದರು. ‘ಏಳೋ, ಎದ್ದೇಳೋ’ ಎಂದು ನನ್ನ ಹಿಂದಿನ ಸಾಲಿನಲ್ಲಿ ಒಬ್ಬ ಹಲ್ಲು ಕಚ್ಚಿ ಪಿಸುಗುಟ್ಟಿದ್ದು ನನಗಿನ್ನೂ ನೆನಪಿದೆ. ಕೊನೆಗೊಮ್ಮೆ ಅವನು ಎದ್ದಾಗ ಹತ್ತಡಿ ಹಾರುವವರು ಹಾರಲೇಬೇಕು. ಆ ಹತ್ತಡಿ, ಅಷ್ಟು ಹೊತ್ತು ನುಂಗಿಕೊಂಡ ಅವಮಾನದ ಅಳತೆ. ಮುಳ್ಳು ತೋರಿಸುವ ಮಾಪಕದಂತೆ ಮನುಷ್ಯ ಹಾರುತ್ತಾನೆ. ಎರಡೇ ಅಡಿ ಹಾರಿದ್ದರೆ ಪ್ರೇಕ್ಷಕನಿಗೆ ಮೋಸವಾದಂತೆ. ಇಷ್ಟೊಂದು ತಡೆದುಕೊಂಡದ್ದಕ್ಕೆ ಇಷ್ಟೇನಾ ಎನಿಸುತ್ತಿತ್ತು.

ಶಕ್ತಿಯ ನಿತ್ಯತೆಯ ನಿಯಮ ಮಾಸ್ ಸಿನಿಮಾದಲ್ಲಿ ಕಟ್ಟುನಿಟ್ಟಾಗಿಯೇ ನಡೆಯುತ್ತದೆ ಎಂಬುದು ನನ್ನ ವಾದ. ಕೂಡಿಟ್ಟದ್ದಕ್ಕಿಂತ ಹೆಚ್ಚು ಖರ್ಚು ಮಾಡಿದ ಸಿನಿಮಾ ಮೊದಲ ವಾರವೇ ಮಗುಚಿ ಬೀಳುತ್ತದೆ. ಕೆಜಿಎಫ್ ಗೆದ್ದ ಮೇಲೆ ಗಡ್ಡ, ಮಸಿ ಬಣ್ಣದ ಪರದೆ, ಗೊಗ್ಗರು ದನಿಯ ನಿರೂಪಣೆ, ಎರಡು ನಿಮಿಷಕ್ಕೊಮ್ಮೆ ಹೀರೋನನ್ನು ಎತ್ತಿ ಮೆರೆಸುವ ಎಲಿವೇಷನ್ ಇಟ್ಟುಕೊಂಡು ಎಷ್ಟು ಚಿತ್ರಗಳು ಬಂದವು! ಅವುಗಳಲ್ಲೂ ಜನ ಹಾರಿದರು, ಇನ್ನೂ ದೂರ ಹಾರಿದರು. ಪ್ರೇಕ್ಷಕರು ನಿಮ್ಮಂತೆಯೇ ನಕ್ಕರು. ಹೀರೋಗೆ ಏನೂ ಆಗಿರಲೇ ಇಲ್ಲ, ಮತ್ತೆ ಯಾಕೆ ಹೊಡೆಯುತ್ತಿದ್ದಾನೆ? ಗಾಂಧಿ ಕ್ಲಾಸಿನ ಭಾಷೆಯಲ್ಲಿ ಇದಕ್ಕೆ ‘ಬರೀ ಬಿಲ್ಡಪ್ಪು’ ಎನ್ನುತ್ತಾರೆ. ಅದಕ್ಕಿಂತ ನಿಖರವಾದ ವಿಮರ್ಶೆಯ ಪದ ನನಗೆ ಗೊತ್ತಿಲ್ಲ.

ಇದಕ್ಕೆ ಒಂದು ಅಪವಾದವನ್ನೂ ಒಪ್ಪಿಕೊಳ್ಳಬೇಕು. ಎರಡನೇ ಭಾಗದಲ್ಲಿ ಪೊಲೀಸ್ ಠಾಣೆಯಲ್ಲಿರುವ ಒಂದೇ ಒಂದು ಚಿನ್ನದ ಬಿಸ್ಕತ್ತಿಗಾಗಿ ರಾಕಿ ‘ದೊಡ್ಡಮ್ಮ’ ಎಂಬ ದೈತ್ಯ ಬಂದೂಕು ತಂದು ಠಾಣೆಯನ್ನೇ ಪುಡಿಗಟ್ಟಿಬಿಡುತ್ತಾನೆ. ಆಮೇಲೆ ಕೆಂಪಗೆ ಕಾದ ನಳಿಗೆಗೆ ಸಿಗರೇಟು ಒತ್ತಿ ಹೊತ್ತಿಸಿಕೊಳ್ಳುತ್ತಾನೆ. ಇಲ್ಲಿ ಅವಮಾನವೂ ಇಲ್ಲ, ಸೇಡೂ ಇಲ್ಲ, ಶುದ್ಧ ದೌಲತ್ತು. ವ್ಯಾಪಾರದ ಲೆಕ್ಕದಲ್ಲಿ ಪೂರಾ ನಷ್ಟ, ಹಾರಿಸಿದ ಗುಂಡಿನ ಖರ್ಚೇ ಎಷ್ಟಾಯಿತೋ. ಆದರೆ ತಿಂಗಳ ಕೊನೆಗೆ ಗ್ಯಾಸಿಗೆ, ಶಾಲೆ ಫೀಸಿಗೆ, ಚೀಟಿಗೆ ಎಂದು ಒಂದೊಂದು ರೂಪಾಯಿಯನ್ನೂ ಎಣಿಸಿಡುವವನಿಗೆ, ಲೆಕ್ಕವನ್ನೇ ಇಡದ ಮನುಷ್ಯನೊಬ್ಬನನ್ನು ಐದು ನಿಮಿಷ ನೋಡುವುದರಲ್ಲಿ ಒಂದು ಸುಖವಿದೆ. ಅಲ್ಲಿ ಜನ ನಕ್ಕರು, ಅವನ ಜೊತೆ ಸೇರಿ ನಕ್ಕರು. ನೀವು ಒಂಟಿಯಾಗಿ ಟಿವಿ ಮುಂದೆ ಕೂತು ಅವನ ಮೇಲೆ ನಕ್ಕಿದ್ದೀರಿ ಅನಿಸುತ್ತದೆ.

ಕೂಡಿಡುವ ಕಸುಬಿನ ಬಗ್ಗೆ ಇನ್ನೆರಡು ಮಾತು. ಸಿನಿಮಾ ಸೆಕೆಂಡಿಗೆ 24 ಚಿತ್ರಗಳಂತೆ ಓಡುತ್ತದೆ. ಅದೇ ದೃಶ್ಯವನ್ನು ಸೆಕೆಂಡಿಗೆ 96 ಚಿತ್ರದಂತೆ ತೆಗೆದು 24ರಲ್ಲೇ ಓಡಿಸಿದರೆ ಒಂದು ಸೆಕೆಂಡಿನ ನಡಿಗೆ ನಾಲ್ಕು ಸೆಕೆಂಡಾಗುತ್ತದೆ. ಹೀರೋ ತಲೆ ಎತ್ತುವುದು, ತೋಳು ಮಡಚುವುದು, ನೆಲದ ಸುತ್ತಿಗೆ ಎತ್ತಿಕೊಳ್ಳುವುದು ಎಲ್ಲ ಈ ಲೆಕ್ಕದಲ್ಲಿ ಹಿಗ್ಗುತ್ತವೆ. ಗುದ್ದು ಬೀಳುವ ಚೂರಿಗೆ ಮತ್ತೆ ಮಾಮೂಲಿ ವೇಗ. ಜೊತೆಗೆ ಧೂಳು. ಬಟ್ಟೆಗೆ, ನೆಲಕ್ಕೆ ನುಣ್ಣನೆಯ ಮಣ್ಣು ಹಾಕಿರುತ್ತಾರೆ. ಗುದ್ದು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಎದ್ದ ಧೂಳು ಕಾಣುತ್ತದೆ. ಎಲ್ಲಕ್ಕಿಂತ ದೊಡ್ಡ ಉಪಾಯ ಮೌನ. ಹೊಡೆಯುವ ಮುಂಚೆ ಹಿನ್ನೆಲೆ ಸಂಗೀತವನ್ನು ತಟಕ್ಕನೆ ಕತ್ತರಿಸುತ್ತಾರೆ. ಆ ಖಾಲಿ ಜಾಗದಲ್ಲೇ ಥಿಯೇಟರು ಕೂಗುವುದು. ಮುಂದಿನ ಸಲ ಗಮನಿಸಿ, ಶಿಳ್ಳೆ ಬೀಳುವುದು ಗುದ್ದಿಗೆ ಮೊದಲು. ಗುದ್ದು ಬೀಳುವ ಹೊತ್ತಿಗೆ ಅರ್ಧ ಶಿಳ್ಳೆ ಮುಗಿದಿರುತ್ತದೆ. ಎರಡನೇ ಭಾಗವನ್ನು ಸಂಕಲನ ಮಾಡಿದ ಉಜ್ವಲ್ ಕುಲಕರ್ಣಿ ಆಗ ಇಪ್ಪತ್ತರ ಆಸುಪಾಸಿನ ಹುಡುಗ. ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂಬುದು ಅವರಿಗೆ ಗೊತ್ತಾದದ್ದು ಪರದೆಯ ಈಚೆ ಕೂತು ಕೂಗಿದ ವಯಸ್ಸಿನಿಂದಲೇ ಇರಬೇಕು.

ಈ ತಡೆಯುವ ವಿದ್ಯೆ ಸಿನಿಮಾದವರು ಕಂಡುಹಿಡಿದದ್ದೇನಲ್ಲ. ದಕ್ಷಿಣ ಕನ್ನಡದಲ್ಲಿ ಯಕ್ಷಗಾನದ ದೇವಿಮಹಾತ್ಮೆ ಆಟ ನೋಡಿದವರಿಗೆ ಮಹಿಷಾಸುರನ ಪ್ರವೇಶ ಹೇಗೆಂದು ವಿವರಿಸಬೇಕಿಲ್ಲ. ನಡುರಾತ್ರಿ ಕಳೆದಿರುತ್ತದೆ. ರಂಗಸ್ಥಳ ಖಾಲಿ. ಚೆಂಡೆ ಏರುತ್ತಾ ಹೋಗುತ್ತದೆ. ಎಲ್ಲೋ ಹಿಂದೆ, ಗದ್ದೆಯ ಕತ್ತಲಿಂದ ಒಂದು ಅಟ್ಟಹಾಸ. ಮಕ್ಕಳು ಅಮ್ಮಂದಿರ ಸೆರಗಿಗೆ ಸೇರುತ್ತವೆ. ದೊಂದಿಗೆ ರಾಳದ ಪುಡಿ ಎರಚಿದ ಕೂಡಲೇ ಭಗ್ಗೆನ್ನುವ ಬೆಂಕಿ, ಅದರ ನಡುವೆ ಕೋಡು, ಬಣ್ಣ. ಜನರ ಮಧ್ಯದಿಂದಲೇ ಅವನು ರಂಗಸ್ಥಳಕ್ಕೆ ನಡೆಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತೂ ತೆಗೆದುಕೊಳ್ಳುತ್ತಾನೆ. ಕಥೆ ಮುಂದೆ ಹೋಗಿರುವುದಿಲ್ಲ, ಯಾರೂ ‘ಬೇಗ ಆಗಲಿ’ ಎನ್ನುವುದೂ ಇಲ್ಲ. ಸ್ಲೋ ಮೋಷನ್ ಎಂಬ ಯಂತ್ರ ಬರುವ ಎಷ್ಟೋ ಮೊದಲೇ ಕರಾವಳಿಯ ಜನ ಸ್ಲೋ ಮೋಷನ್ನಿಗೆ ನಿದ್ದೆಗೆಟ್ಟು ಕೂರುತ್ತಿದ್ದರು. ಇನ್ನೊಂದು ಸಂಗತಿ ನೋಡಿ. ವೇಷ ಬರುವ ಮುಂಚೆ ಅದರ ಹಿರಿಮೆಯನ್ನು ಹಾಡಿ ಏರಿಸುವವರು ಭಾಗವತರು. ಹೊಗಳುವವರು ಬೇರೆ, ಕುಣಿಯುವವರು ಬೇರೆ. ಕೆಜಿಎಫ್‌ನಲ್ಲಿ ಆ ಕೆಲಸ ಅನಂತ್ ನಾಗ್ ಮಾಡಿದರು, ಎರಡನೇ ಭಾಗದಲ್ಲಿ ಪ್ರಕಾಶ್ ರಾಜ್. ಕಥೆಗಾರ ಹೇಳುತ್ತಿರುವ ಕಥೆ ಇದು ಎಂದಾದ ಮೇಲೆ ಹೇಳುವವನ ಬಾಯಲ್ಲಿ ಹತ್ತು ಜನ ನೂರಾಗುವುದು ಸಹಜ. ಸಂತೆಯಿಂದ ಬಂದವರು ಕಂಡ ಹಾವಿನ ಉದ್ದ ಮನೆಗೆ ಬರುವಷ್ಟರಲ್ಲಿ ಬೆಳೆದಿರುವುದಿಲ್ಲವೇ, ಹಾಗೆ. ಚಿತ್ರಕ್ಕೆ ಸಂಗೀತ ಕೊಟ್ಟ ರವಿ ಬಸ್ರೂರು ಕುಂದಾಪುರದ ಕಡೆಯವರು. 2025ರಲ್ಲಿ ಅವರು ಯಕ್ಷಗಾನವನ್ನೇ ಪರದೆಗೆ ತಂದು ‘ವೀರ ಚಂದ್ರಹಾಸ’ ನಿರ್ದೇಶಿಸಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಗುಂಪು ಕಂಠಗಳು, ತಮಟೆಯಂಥ ಏರು ಬಡಿತ ಎಲ್ಲಿಂದ ಬಂದವು ಎಂದು ಕಿವಿಗೆ ಆಗಲೇ ಅನುಮಾನವಿತ್ತು.

ನಾಟ್ಯಶಾಸ್ತ್ರ ಇದನ್ನೆಲ್ಲ ಲೋಕಧರ್ಮಿ, ನಾಟ್ಯಧರ್ಮಿ ಎಂದು ಎರಡಾಗಿ ಬಿಡಿಸಿಟ್ಟಿದೆ. ಲೋಕದಲ್ಲಿ ನಡೆದಂತೆ ಆಡುವುದು ಒಂದು, ರಂಗದ ಕಟ್ಟಳೆಯಂತೆ ಆಡುವುದು ಇನ್ನೊಂದು. ಎರಡನೆಯದನ್ನು ಮೊದಲನೆಯದರ ಮೊಳಕೋಲಿನಿಂದ ಅಳೆದರೆ ಸಿಗುವುದು ನಗು ಮಾತ್ರ.

ಶಾಸ್ತ್ರ ಬೇಡ ಎಂದರೆ ನಮ್ಮ ರನ್ನನನ್ನೇ ಕೇಳಿ. ಸಾವಿರ ವರ್ಷದ ಹಿಂದೆ ಮುಧೋಳದ ಬಳೆಗಾರರ ಮನೆಯ ಹುಡುಗ ಗದಾಯುದ್ಧ ಬರೆದ. ವೈಶಂಪಾಯನ ಸರೋವರದ ತಳದಲ್ಲಿ ಅಡಗಿರುವ ದುರ್ಯೋಧನ ದಡದಲ್ಲಿ ಭೀಮ ಗರ್ಜಿಸಿದ್ದನ್ನು ಕೇಳಿ ‘ನೀರೊಳಗಿರ್ದುಂ ಬೆಮರ್ತನ್’. ನೀರಿನೊಳಗಿದ್ದೂ ಬೆವತ! ನಿಮ್ಮ ಸಹೋದ್ಯೋಗಿ ಕನ್ನಡ ಮೇಷ್ಟ್ರು ಈ ಸಾಲನ್ನು ಎಷ್ಟು ಸಲ ಬಾಯಿತುಂಬ ಹೇಳಿರಬೇಕು. ನೀರಿನೊಳಗೆ ಬೆವರು ಕಾಣುವುದು ಹೇಗೆ ಸ್ವಾಮಿ ಎಂದು ನೀವು ಆಗ ಸ್ಟಾಫ್ ರೂಮಿನಲ್ಲಿ ಕೇಳಿದಿರಾ? ಕೇಳಿರಲಾರಿರಿ. ಭಯದ ಪ್ರಮಾಣ ಹೇಳುವುದಕ್ಕೆ ಕವಿ ಅಸಾಧ್ಯವೊಂದನ್ನು ತಂದ ಎಂದು ತಕ್ಷಣ ಹೊಳೆದಿರುತ್ತದೆ. ಅದರಲ್ಲೂ ರನ್ನ ತನಗೆ ಆಶ್ರಯ ಕೊಟ್ಟ ಚಾಲುಕ್ಯ ಸತ್ಯಾಶ್ರಯನನ್ನು ಭೀಮನ ಜೊತೆ ಹೋಲಿಸಿ ಬರೆದದ್ದು. ತನ್ನ ಹೀರೋಗೆ ಎಲಿವೇಷನ್ ಕೊಡುವುದರಲ್ಲಿ ಅವನು ಯಾರಿಗೂ ಕಡಿಮೆಯಿಲ್ಲ. ಕಥೆಯನ್ನು ನಡುವಿನಿಂದ ಎತ್ತಿಕೊಂಡು ಹಿಂದಿನದನ್ನೆಲ್ಲ ಸಿಂಹಾವಲೋಕನ ಕ್ರಮದಲ್ಲಿ ನೆನೆಸುತ್ತಾನೆ. ಫ್ಲ್ಯಾಶ್‌ಬ್ಯಾಕ್ ಎಂದರೆ ಅದೇ ಅಲ್ಲವೇ. ರನ್ನನೂ ಕೆಜಿಎಫ್ ನಿರ್ದೇಶಕ ಪ್ರಶಾಂತ್ ನೀಲ್ ಅವರೂ ಒಂದೇ ಎಂದು ನಾನು ಹೇಳುತ್ತಿಲ್ಲ, ಕಲ್ಲು ಹೊಡೆಯಬೇಡಿ. ಅತಿಶಯೋಕ್ತಿಯನ್ನು ಓದುವ ಕಣ್ಣು ನಮ್ಮಲ್ಲಿ ಹಳೆಯದು, ಅದು ಪುಸ್ತಕಕ್ಕೆ ಸಿಕ್ಕಷ್ಟೇ ಸಲೀಸಾಗಿ ಪರದೆಗೂ ಸಿಗುತ್ತದೆ ಎಂಬುದಷ್ಟೇ ನನ್ನ ಮಾತು.

ಹಳೆಯ ಕನ್ನಡ ಚಿತ್ರಗಳಲ್ಲಿ ಇಷ್ಟು ಅತಿರೇಕ ಇರಲಿಲ್ಲವಲ್ಲ ಎನ್ನುತ್ತೀರೇನೋ. 1981ರ ‘ಅಂತ’ ಮರೆತಿರೇ? ಅಂಬರೀಶ್ ಕೈಯ ಉಗುರು ಕೀಳುವ ದೃಶ್ಯಕ್ಕೆ ಹೆಂಗಸರು ಮುಖ ಮುಚ್ಚಿಕೊಂಡದ್ದನ್ನು ನಾನು ಕಂಡಿದ್ದೇನೆ. ಅದೂ ಕೂಡಿಡುವ ವಿದ್ಯೆಯೇ, ಕ್ರೂರವಾದ ರೂಪದಲ್ಲಿ. 1995ರ ‘ಓಂ’ ನೂರಾರು ಸಲ ಮರುಬಿಡುಗಡೆಯಾಯಿತು, ಪ್ರತಿ ಸಲವೂ ಜನ ಬಂದರು. ಏನಾಗುತ್ತದೆಂದು ಗೊತ್ತಿದ್ದವರೇ ಬಂದರು. ಬದಲಾಗಿರುವುದು ಹಾರುವ ದೂರ, ಮತ್ತು ಅದನ್ನು ನೋಡುವ ಊರುಗಳ ಸಂಖ್ಯೆ. ಹಿಂದಿ ಸಿನಿಮಾ ಒಂದು ಕಾಲಕ್ಕೆ ಬಡವನ ಸಿಟ್ಟಿನ ಮೇಲೆಯೇ ನಿಂತಿತ್ತು. ಮಲ್ಟಿಪ್ಲೆಕ್ಸ್ ಬಂದ ಮೇಲೆ ಅದು ದೊಡ್ಡ ಊರಿನವರ ಪ್ರೇಮ, ವಿದೇಶದ ಮನೆ, ಮನಸ್ಸಿನ ತೊಳಲಾಟಗಳ ಕಡೆ ತಿರುಗಿತು. ಆ ಖಾಲಿ ಜಾಗವನ್ನು ಟಿವಿಯಲ್ಲಿ ಡಬ್ ಆಗಿ ಬರುತ್ತಿದ್ದ ತೆಲುಗು, ತಮಿಳು ಚಿತ್ರಗಳು ವರ್ಷಗಟ್ಟಲೆ ತುಂಬಿದವು. ನೆಲ ಹದವಾದ ಮೇಲೆ ಬಾಹುಬಲಿ, ಕೆಜಿಎಫ್, ಆರ್‌ಆರ್‌ಆರ್ ಬೀಜದಂತೆ ಬಿದ್ದವು. 2022ರ ಏಪ್ರಿಲ್ 14ರಂದು ತೆರೆಕಂಡ ಕೆಜಿಎಫ್ ಎರಡನೇ ಭಾಗದ ಗಳಿಕೆ ಜಗತ್ತಿನಾದ್ಯಂತ ಸಾವಿರ ಕೋಟಿ ರೂಪಾಯಿ ದಾಟಿತು, ಅದರಲ್ಲಿ ಹಿಂದಿ ಡಬ್ಬಿಂಗಿನ ಪಾಲೇ 400 ಕೋಟಿಗೂ ಮೇಲೆ. ಡಬ್ಬಿಂಗ್ ಬೇಡವೆಂದು ದಶಕಗಟ್ಟಲೆ ಬೀದಿಗಿಳಿದಿದ್ದ ಗಾಂಧಿನಗರಕ್ಕೆ, ಅಂದರೆ ನಮ್ಮ ಕನ್ನಡ ಚಿತ್ರರಂಗಕ್ಕೆ, ಡಬ್ಬಿಂಗಿನಿಂದಲೇ ದೇಶ ದಕ್ಕಿತು. ಈ ತಮಾಷೆಯನ್ನು ಯಾರೂ ಸರಿಯಾಗಿ ಅನುಭವಿಸಿಲ್ಲ ಎಂಬುದು ನನ್ನ ಕೊರಗು.

ಇಷ್ಟೆಲ್ಲ ಹೇಳಿದೆನೆಂದು ನಿಮ್ಮ ಸಂಕಟ ಸುಳ್ಳೆಂದು ತಿಳಿಯಬೇಡಿ. ಭೌತಶಾಸ್ತ್ರದ ಬಗ್ಗೆ ಅಲ್ಲ, ಬೇರೆ ವಿಷಯಕ್ಕೆ ನನಗೂ ಸಂಕಟವಿದೆ. ಕೆಜಿಎಫ್ ಎಂಬ ಊರು ನಿಜವಾಗಿ ಇದೆ. ಅಲ್ಲಿ ಚಿನ್ನ ತೆಗೆಯಲು ಬ್ರಿಟನ್ನಿನ ಜಾನ್ ಟೇಲರ್ ಕಂಪನಿ ನಿಂತದ್ದು 1880ರ ದಶಕದಲ್ಲಿ. 1902ಕ್ಕೇ ಶಿವನಸಮುದ್ರದ ಕರೆಂಟು ಅಲ್ಲಿಗೆ ಹೋಗಿತ್ತು. 1956ರಲ್ಲಿ ಗಣಿ ಸರ್ಕಾರದ ಕೈಗೆ ಬಂತು, 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಕೆಲಸ ಮಾಡಿದವರು ಬಹುಪಾಲು ತಮಿಳು ಮಾತಿನ ದಲಿತರು. ಅವರಿಗೆ ಯಾವ ರಾಕಿಯೂ ಬರಲಿಲ್ಲ. 1930ರಲ್ಲಿ ಗಣಿ ನಿಲ್ಲಿಸಿ ಮುಷ್ಕರ ಹೂಡಿದವರು ಅವರೇ. ಸಿನಿಮಾದ ನರಾಚಿ ಗಣಿಯ ಕೂಲಿಗಳಾದರೋ ಒಬ್ಬ ಬಂದು ಬಿಡಿಸುವ ತನಕ ಕಾಯುತ್ತಾರೆ, ಬಂದ ಮೇಲೆ ಜಯಕಾರ ಹಾಕುತ್ತಾರೆ. ಪ್ರಚ್ಛನ್ನ ಶಕ್ತಿ ಸಾವಿರ ಜನರ ಅವಮಾನದಿಂದ ಕೂಡುತ್ತದೆ, ಖರ್ಚಾಗುವುದು ಒಬ್ಬನ ಮುಷ್ಟಿಯಿಂದ. ಹತ್ತಡಿ ಹಾರುವುದಕ್ಕಿಂತ ದೊಡ್ಡ ಸುಳ್ಳು ಇದು. ಹತ್ತಡಿಯನ್ನು ಯಾರೂ ನಂಬುವುದಿಲ್ಲ, ಇದನ್ನು ನಂಬಿಬಿಡುತ್ತಾರೆ. ನಾಯಕಿಯ ಪಾಡೂ ಹಾಗೆಯೇ. ಅವಳ ಒಪ್ಪಿಗೆ ಕೇಳದೆ ಅವಳನ್ನು ತಂದಿಟ್ಟುಕೊಳ್ಳುವುದನ್ನು ಚಿತ್ರ ಪ್ರೀತಿ ಎಂದು ಕರೆಯುತ್ತದೆ, ಹಾಡೂ ಹಾಕುತ್ತದೆ.

ಪರದೆಯ ಈಚೆಗೂ ಬೆಲೆ ತೆತ್ತವರಿದ್ದಾರೆ. 2016ರ ನವೆಂಬರಿನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಚಿತ್ರೀಕರಣಕ್ಕೆಂದು ಹೆಲಿಕಾಪ್ಟರಿನಿಂದ ನೀರಿಗೆ ಜಿಗಿದ ಇಬ್ಬರು ನಟರು ಮೇಲೆ ಬರಲಿಲ್ಲ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ರಾಕಿಯ ಪಾತ್ರ ಮಾಡಿದ ಯಶ್ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋಗಿ ಮೂವರು ಯುವಕರು ವಿದ್ಯುತ್ ತಗುಲಿ ಸತ್ತರು. ಅಲ್ಲಿ ಯಾವ ರಾಟೆಯೂ ಇರಲಿಲ್ಲ, ಹಾರ್ನೆಸ್ಸೂ ಇರಲಿಲ್ಲ.

ಕೊನೆಗೆ ಮೊಮ್ಮಗನ ವಿಚಾರ. ಎರಡನೇ ಭಾಗಕ್ಕೆ ಸೆನ್ಸಾರ್ ಮಂಡಳಿ ಕೊಟ್ಟದ್ದು ಯು/ಎ, ಅಂದರೆ ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬಹುದಾದದ್ದು. ಅದೇ ನಿರ್ದೇಶಕರ ‘ಸಲಾರ್’ಗೆ ವಯಸ್ಕರಿಗೆ ಮಾತ್ರ ಎಂಬ ಎ ಪ್ರಮಾಣಪತ್ರ ಸಿಕ್ಕಿತು, ಅದು ಸದ್ಯಕ್ಕೆ ಬೇಡ. 2024ರಿಂದ ಯುಎ ಪ್ರಮಾಣಪತ್ರ 7+, 13+, 16+ ಎಂದು ಮೂರಾಗಿದೆ, ಹೊಸ ಚಿತ್ರಕ್ಕೆ ಹೋಗುವ ಮುಂಚೆ ಅದನ್ನು ನೋಡಿಕೊಳ್ಳಿ. ಫೋನಿನಲ್ಲಿ ಒಬ್ಬನೇ ನೋಡುವುದಕ್ಕಿಂತ ನಿಮ್ಮ ಜೊತೆ ಕೂತು ನೋಡಲಿ. ನಾಯಕಿಯ ದೃಶ್ಯ ಬಂದಾಗ ನಿಲ್ಲಿಸಿ, ಇದು ಸರಿಯೇನೋ ಎಂದು ಕೇಳಿ. ಭಾಷಣ ಬೇಡ, ಕೇಳಿದರೆ ಸಾಕು. ಹೊಡೆದಾಟದ ದೃಶ್ಯವನ್ನು ಮಾತ್ರ ನಿಮ್ಮ ತರಗತಿಯಾಗಿಸಿಕೊಳ್ಳಿ. ಹಾರುವವನ ಚಿತ್ರವನ್ನು ಒಂದೊಂದಾಗಿ ನಿಲ್ಲಿಸಿ, ಅವನ ಸೊಂಟ ಇರುವಲ್ಲಿ ಕಾಗದದ ಮೇಲೆ ಚುಕ್ಕಿ ಇಡಿಸಿ. ನಿಜವಾಗಿ ಎಸೆದ ವಸ್ತು ಪರವಲಯದಲ್ಲಿ ಹೋಗಿ ಬೀಳುತ್ತದೆ ಎಂದು ಅವನ ಪುಸ್ತಕದಲ್ಲಿ ಇನ್ನೆರಡು ವರ್ಷಕ್ಕೆ ಬರುತ್ತದೆ. ರೋಪಿನಲ್ಲಿ ಎಳೆದವನು ಹಾಗೆ ಹೋಗುವುದಿಲ್ಲ, ಹೆಚ್ಚೂಕಡಿಮೆ ನೇರ ಗೆರೆಯಲ್ಲಿ ಹೋಗುತ್ತಾನೆ. ಆ ಗೆರೆಯನ್ನು ಮುಂದಕ್ಕೆ ಎಳೆಯಿರಿ, ರಾಟೆ ಎಲ್ಲಿ ಕಟ್ಟಿದ್ದರು ಎಂದು ಗೊತ್ತಾಗುತ್ತದೆ.